ಒಂದೇ ರೈಫಲ್, ಮೂರು ಜೊತೆ ಕಣ್ಣು: ಸೈಟ್ ಆಯ್ಕೆಯ ಒಂದು ಪ್ರಕರಣ

ರೈಫಲ್‌ನಲ್ಲಿ ಗುರಿ ಹಿಡಿಯಲು ಯಾವ ಸೈಟ್ (ಕಣ್ಣಿಟ್ಟು ನೋಡುವ ಸಾಧನ) ಒಳ್ಳೆಯದು ಅಂತ ನನ್ನನ್ನು ಕೇಳುವವರು ಜಾಸ್ತಿ. ಯಾರ ಕಣ್ಣಿಗೆ, ಎಷ್ಟು ದೂರಕ್ಕೆ, ಯಾವ ಸ್ಪರ್ಧೆಗೆ ಅಂತ ತಿರುಗಿ ಕೇಳಿದರೆ ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ಹಾಗಾಗಿ ಕೊಡಗಿನ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಹೆಸರು, ಊರು, ಮನೆತನ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಸೈಟ್ ಮತ್ತು ಕಣ್ಣಿನ ವಿಷಯದಲ್ಲಿ ಏನನ್ನೂ ಬದಲಿಸಿಲ್ಲ.

ಹಿನ್ನೆಲೆ

ಕಾಫಿ ತೋಟದ ಮನೆ. ಮನೆಗೆ ಹಿರಿಯರು ಅಂದರೆ ದೊಡ್ಡಪ್ಪ, ವಯಸ್ಸು ಐವತ್ತೆಂಟು. ಅವರ ತಮ್ಮನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ತಮ್ಮನ ಮಗಳು ಓದು ಮುಗಿಸಿ ಊರಿನಲ್ಲೇ ಇದ್ದಾಳೆ. ಮೂವರೂ ಗುರಿ ಹೊಡೆಯುವುದರಲ್ಲಿ ಆಸಕ್ತಿ ಇರುವವರು. ಕೊಡಗಿನಲ್ಲಿ ಇದೇನು ವಿಶೇಷ ಅಲ್ಲ ಅಲ್ವಾ. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ, 2019ರಲ್ಲಿ ಕೇಂದ್ರ ಗೃಹ ಇಲಾಖೆ ಅದನ್ನು 2029ರವರೆಗೆ ಮುಂದುವರಿಸಿತು. ಸೆಪ್ಟೆಂಬರ್ ಶುರುವಿನಲ್ಲಿ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಬಂದರೆ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಇಟ್ಟು ಪೂಜೆ, ಊಟ, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ.

ಈ ಮನೆಯಲ್ಲಿ ಕೋವಿಯ ಜೊತೆ ಪಾಯಿಂಟ್ ಟೂ ಟೂ (ಸಣ್ಣ ಗುಂಡಿನ) ಬೋಲ್ಟ್ ರೈಫಲ್ ಒಂದಿದೆ, ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಲ್ಲಿ ಎಳೆದು ತಳ್ಳಬೇಕು. ಹಳೆಯದು, ಆದರೆ ನಳಿಗೆ ಚೆನ್ನಾಗಿದೆ. ಮುಂದೆ ಹಿತ್ತಾಳೆಯ ಸಣ್ಣ ಮಣಿ, ನಳಿಗೆಯ ಮೇಲೆ ವಿ ಆಕಾರದ ಹಿಂದಿನ ಸೈಟ್. ಇದೇ ರೈಫಲ್‌ನಲ್ಲಿ ದೊಡ್ಡಪ್ಪ ವರ್ಷಗಟ್ಟಲೆ 50 ಮೀಟರ್‌ನಲ್ಲಿ ಸುಲಿದ ತೆಂಗಿನಕಾಯಿ ಒಡೆದವರು, ಸುತ್ತಮುತ್ತ ಅವರ ಗುರಿಗೆ ಒಂದು ಹೆಸರಿತ್ತು.

ತೊಂದರೆ ಶುರುವಾದದ್ದು

ಎರಡು ವರ್ಷದಿಂದ ಅವರ ಗುಂಡು ಕಾಯಿಯ ಮೇಲೋ ಕೆಳಗೋ ಹೋಗತೊಡಗಿತು. ಎಡ ಬಲಕ್ಕೆ ಅಷ್ಟು ತಪ್ಪುತ್ತಿರಲಿಲ್ಲ. ಕಾಗದದ ಮೇಲೆ ಹೊಡೆಸಿ ನೋಡಿದಾಗ ಐದು ಗುಂಡಿನ ಗುಂಪು ಉದ್ದಕ್ಕೆ, ಮೇಲಿಂದ ಕೆಳಗೆ ಸಾಲಾಗಿ ಬಿದ್ದಿತ್ತು. ಈ ಆಕಾರವೇ ಅರ್ಧ ರೋಗ ಹೇಳಿಬಿಡುತ್ತದೆ. ಇಂಥ ವಿ ಮತ್ತು ಮಣಿಯ ಜೋಡಿಗೆ ಓಪನ್ ಸೈಟ್ ಅನ್ನುತ್ತಾರೆ, ಅದರಲ್ಲಿ ಕಣ್ಣು ಮೂರು ಕಡೆ ನೋಡಬೇಕು: ಹಿಂದಿನ ವಿ, ಮುಂದಿನ ಮಣಿ, ಗುರಿ. ಮೂರೂ ಬೇರೆ ಬೇರೆ ದೂರದಲ್ಲಿವೆ. ಎಳೆಯ ಕಣ್ಣು ಒಂದರಿಂದ ಇನ್ನೊಂದಕ್ಕೆ ಸರಕ್ಕನೆ ಹೊರಳುತ್ತದೆ. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಟ್ಟಿಯಾಗುತ್ತ ಹೋಗಿ, ಹತ್ತಿರದ್ದು ಮಂಜಾಗುತ್ತದೆ. ವಿ ಯ ಅಂಚೇ ಮಸುಕಾದರೆ ಮಣಿ ಅದರೊಳಗೆ ಎಷ್ಟು ಆಳ ಕೂತಿದೆ ಅಂತ ಪ್ರತಿ ಸಲ ಅಂದಾಜು ಮಾಡಬೇಕಾಗುತ್ತದೆ. ಅದಕ್ಕೇ ಮೇಲೆ ಕೆಳಗೆ.

ಅಂದಾಜಿನ ತಪ್ಪು ಎಷ್ಟು ದುಬಾರಿ ಅಂತ ಲೆಕ್ಕ ಹಾಕಿ ನೋಡಿ. ಈ ರೈಫಲ್‌ನಲ್ಲಿ ಹಿಂದಿನ ಸೈಟಿಗೂ ಮಣಿಗೂ ಸುಮಾರು 45 ಸೆಂಟಿಮೀಟರ್ ಅಂತರ. ಜೋಡಣೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ 50 ಮೀಟರ್‌ನಲ್ಲಿ ಗುಂಡು ಐದೂವರೆ ಸೆಂಟಿಮೀಟರ್ ಆಚೆ ಹೋಗುತ್ತದೆ. ಸುಲಿದ ಕಾಯಿಯ ಅಗಲವೇ ಹತ್ತು ಹನ್ನೆರಡು ಸೆಂಟಿಮೀಟರ್. ಅಂದರೆ ಸರಿಯಾಗಿ ನಡುವಿಗೆ ಹಿಡಿದರೂ ಗುಂಡು ಅಂಚಿಗೆ ಹೋಗುತ್ತದೆ, ಇಲ್ಲವೇ ಕಾಯಿಯೇ ತಪ್ಪುತ್ತದೆ.

ದೊಡ್ಡಪ್ಪ ಮಾತ್ರ ಕಣ್ಣಿನ ಮಾತು ಎತ್ತಲೇ ಬಿಡುತ್ತಿರಲಿಲ್ಲ. "ದೂರದ್ದೆಲ್ಲ ನನಗೆ ಚೆನ್ನಾಗಿ ಕಾಣ್ತದೆ ಮಾರಾಯ, ಪೇಪರ್ ಓದೋಕೆ ಮಾತ್ರ ಕನ್ನಡಕ" ಅನ್ನುತ್ತಿದ್ದರು. ಆ ಕನ್ನಡಕವೂ ಸಂತೆಯಲ್ಲಿ ತಂದ ರೆಡಿಮೇಡ್.

ಮೊದಲ ಪ್ರಯತ್ನ: ರೆಡ್ ಡಾಟ್

ತಮ್ಮನ ಮಗ ಪ್ರೀತಿಯಿಂದ ಒಂದು ರೆಡ್ ಡಾಟ್ ಸೈಟ್ ತಂದುಕೊಟ್ಟ. ಅವನ ತರ್ಕದಲ್ಲಿ ತಪ್ಪೇನಿಲ್ಲ. ರೆಡ್ ಡಾಟ್‌ನಲ್ಲಿ ಜೋಡಿಸಲು ವಿ ಇಲ್ಲ, ಮಣಿ ಇಲ್ಲ. ಸೈಟಿನ ಗಾಜಿನ ಮೂಲಕ ಗುರಿಯನ್ನು ನೋಡುತ್ತಿದ್ದರೆ ಸಾಕು, ಕೆಂಪು ಚುಕ್ಕಿ ಗುರಿಯ ದೂರದಲ್ಲೇ ತೇಲುತ್ತಿರುವಂತೆ ಕಾಣುತ್ತದೆ. ಹತ್ತಿರದ್ದು ಮಂಜಾಗುವ ವಯಸ್ಸಿನವರಿಗೆ ಇದು ವರ ಅಂತ ಎಲ್ಲರೂ ಹೇಳುತ್ತಾರೆ, ಬಹಳ ಜನಕ್ಕೆ ಅದು ನಿಜ ಕೂಡ. ಅವನಿಗೆ ಆ ಚುಕ್ಕಿ ಎಷ್ಟು ಹಿಡಿಸಿತ್ತು ಅಂದರೆ ಬೇರೆ ಸೈಟಿನ ಮಾತೇ ಬೇಡ ಅನ್ನುತ್ತಿದ್ದ.

ದೊಡ್ಡಪ್ಪ ರೈಫಲ್ ಎತ್ತಿ ಒಂದು ಸಲ ನೋಡಿ ಇಳಿಸಿದರು. "ಇದೆಂಥ ಚುಕ್ಕಿ? ಒಣಮೆಣಸಿನಕಾಯಿ ಥರ ಉದ್ದಕ್ಕೆ, ಬಾಲ ಬೇರೆ ಇದೆ." ಹುಡುಗ ಅದು ಹಾಳಾದ ಪೀಸ್ ಅಂದುಕೊಂಡು ವಾಪಸ್ ಕಳಿಸಿ ಬೇರೆ ತರಿಸಿದ. ಅದೂ ಮೆಣಸಿನಕಾಯಿಯೇ. ಈ ಹಂತದಲ್ಲಿ ಮನೆಯಲ್ಲಿ ಸ್ವಲ್ಪ ಬಿಸಿಯಾಯಿತು. ದೊಡ್ಡಪ್ಪನಿಗೆ ಹೊಸದು ಯಾವುದೂ ಇಷ್ಟ ಆಗಲ್ಲ, ಹಠ ಅಂತ ಹುಡುಗ. ಪ್ಲಾಸ್ಟಿಕ್ ಆಟಿಕೆ ತಂದು ರೈಫಲ್ ಮೇಲೆ ಕೂರಿಸಿದ್ದಾನೆ ಅಂತ ದೊಡ್ಡಪ್ಪ. ನನ್ನನ್ನು ಕರೆದದ್ದು ಆಗ.

ಮಾಡಿದ್ದು ಬಹಳ ಸರಳ ಕೆಲಸ. ಬೋಲ್ಟ್ ತೆಗೆದಿಟ್ಟು, ಖಾಲಿ ರೈಫಲನ್ನು ಮರಳಿನ ಚೀಲದ ಮೇಲೆ ಮಲಗಿಸಿ, ಮೊಬೈಲ್ ಕ್ಯಾಮೆರಾವನ್ನು ಸೈಟಿನ ಹಿಂದೆ ಹಿಡಿದು ಫೋಟೋ ತೆಗೆದೆವು. ಫೋಟೋದಲ್ಲಿ ಚುಕ್ಕಿ ದುಂಡಗೆ, ಚೊಕ್ಕವಾಗಿ ಇತ್ತು. ಆಮೇಲೆ ದೊಡ್ಡಪ್ಪನಿಗೆ ಸೈಟಿನೊಳಗೆ ನೋಡುತ್ತಾ ತಲೆಯನ್ನು ನಿಧಾನಕ್ಕೆ ಭುಜದ ಕಡೆ ವಾಲಿಸಲು ಹೇಳಿದೆ. ತಲೆ ವಾಲಿದಂತೆ ಮೆಣಸಿನಕಾಯಿಯೂ ವಾಲಿತು. ಸೈಟು ಅಲುಗಿಲ್ಲ, ರೈಫಲ್ ಅಲುಗಿಲ್ಲ. ಬಾಲ ಇರುವುದು ಕಣ್ಣಿನಲ್ಲಿ. ದೊಡ್ಡಪ್ಪ ಫೋಟೋವನ್ನು ಒಮ್ಮೆ, ಸೈಟನ್ನು ಒಮ್ಮೆ, ಮತ್ತೆ ಫೋಟೋವನ್ನು ನೋಡಿದರು. "ಹಾಗಾದ್ರೆ ಡಾಕ್ಟರ್ ಹತ್ತಿರ ಹೋಗಬೇಕಾ?" ಅಂದರು. ಇಡೀ ಪ್ರಕರಣದಲ್ಲಿ ದಾರಿ ತಿರುಗಿದ್ದು ಇಲ್ಲಿ ಅಂತ ನನಗೆ ಅನ್ನಿಸುತ್ತದೆ, ಯಾಕೆಂದರೆ ಎರಡು ವರ್ಷದಿಂದ ಯಾರು ಹೇಳಿದರೂ ಕೇಳದ ಮಾತನ್ನು ಅವರೇ ಆಡಿದರು. ವಾದ ಮಾಡಿ ಗೆದ್ದಿದ್ದರೆ ಈ ಮಾತು ಬರುತ್ತಿರಲಿಲ್ಲ.

ಇದಕ್ಕೆ ಅಸ್ಟಿಗ್ಮ್ಯಾಟಿಸಂ ಅನ್ನುತ್ತಾರೆ. ಕಣ್ಣಿನ ಮುಂಭಾಗದ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇರದೆ, ಬಿಂದು ಗೆರೆಯಾಗಿ, ನಕ್ಷತ್ರವಾಗಿ, ಕೆಲವರಿಗೆ ಎರಡಾಗಿ ಕಾಣುವುದು. ಬಹಳ ಸಾಮಾನ್ಯ, ಎಷ್ಟೋ ಜನಕ್ಕೆ ತಮಗಿದೆ ಅಂತಲೇ ಗೊತ್ತಿರುವುದಿಲ್ಲ. ರೆಡಿಮೇಡ್ ಕನ್ನಡಕದಲ್ಲಿ ಇದಕ್ಕೆ ಬೇಕಾದ ಸಿಲಿಂಡರ್ ನಂಬರ್ ಇರುವುದೇ ಇಲ್ಲ.

ಕನ್ನಡಕ

ಮೈಸೂರಿನಲ್ಲಿ ಕಣ್ಣು ಪರೀಕ್ಷೆಗೆ ಹೋಗುವ ಮುಂಚೆ ಒಂದು ತಯಾರಿ ಮಾಡಿಕೊಂಡೆವು. ಸುಮ್ನೆ ಹೋಗಿ ಕೂತರೆ ದೂರಕ್ಕೊಂದು, ಓದಲಿಕ್ಕೊಂದು ನಂಬರ್ ಬರೆದು, ಎರಡೂ ಸೇರಿದ ಪ್ರೋಗ್ರೆಸಿವ್ ಕನ್ನಡಕ ಕೊಟ್ಟುಬಿಡುತ್ತಾರೆ. ದಿನದ ಬಳಕೆಗೆ ಅದು ಸರಿ. ರೈಫಲ್ ಹಿಡಿದವನು ಕೆನ್ನೆಯನ್ನು ಬಟ್ (ಭುಜಕ್ಕೆ ಒತ್ತುವ ಹಿಂಭಾಗ) ಮೇಲೆ ಒತ್ತಿ, ಗಾಜಿನ ಮೇಲ್ಭಾಗದ ಒಳಮೂಲೆಯಿಂದ ನೋಡುತ್ತಾನೆ. ಪ್ರೋಗ್ರೆಸಿವ್ ಗಾಜಿನಲ್ಲಿ ನಂಬರ್ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ತಲೆ ಎಲ್ಲಿ ಇಡಬೇಕು ಅಂತಲೇ ಹೊಳೆಯುವುದಿಲ್ಲ.

ಹಾಗಾಗಿ ದೊಡ್ಡಪ್ಪ ರೈಫಲ್ ಹಿಡಿದು ನಿಂತಾಗ ಅವರ ಕಣ್ಣಿನಿಂದ ಮಣಿಯವರೆಗೆ ಟೇಪ್ ಹಿಡಿದು ಅಳೆದೆವು. ಸುಮಾರು 90 ಸೆಂಟಿಮೀಟರ್. ಅಷ್ಟೇ ಉದ್ದದ ಒಂದು ಬಿದಿರು ಕಡ್ಡಿ ಕಡಿದು, ತುದಿಗೆ ಮೇಣದಲ್ಲಿ ಒಂದು ಕರಿಮಣಿ ಅಂಟಿಸಿದಳು ಹುಡುಗಿ. ರೈಫಲ್ ತೆಗೆದುಕೊಂಡು ಕಣ್ಣಿನ ಆಸ್ಪತ್ರೆಗೆ ಹೋಗಲಿಕ್ಕಾಗುತ್ತದೆಯೇ, ಕಡ್ಡಿ ಹೋಯಿತು. ಪರೀಕ್ಷೆ ಮಾಡಿದವರು ಆಸಕ್ತಿಯಿಂದ ಕೇಳಿಸಿಕೊಂಡರು. ಟ್ರಯಲ್ ಫ್ರೇಮ್ ಹಾಕಿಸಿ, ಕಡ್ಡಿಯ ಈ ತುದಿಯನ್ನು ಕೆನ್ನೆಮೂಳೆಗೆ ಒತ್ತಿ ಹಿಡಿಸಿ, ಆಚೆ ತುದಿಯ ಮಣಿ ನೋಡಿಸುತ್ತಾ ಗಾಜು ಬದಲಿಸಿದರು.

ಅವರ ದೂರದ ನಂಬರ್, ಸಿಲಿಂಡರ್ ಸಮೇತ, ಅದರ ಮೇಲೆ ಅರ್ಧ ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ಪ್ಲಸ್. ಮಣಿ ಪೂರ್ತಿ ಚೂಪಾಗಬೇಕಾದರೆ ಒಂದಕ್ಕಿಂತ ಚೂರು ಜಾಸ್ತಿ ಬೇಕಿತ್ತು, ಆದರೆ ಆಗ ಕಾಯಿ ತೀರಾ ಮಂಜಾಗುತ್ತಿತ್ತು. ಅರ್ಧಕ್ಕೆ ನಿಲ್ಲಿಸಿದಾಗ ಮಣಿ ಸ್ಪಷ್ಟ, ಗುರಿ ಸ್ವಲ್ಪ ಮೆತ್ತಗೆ. ಇದು ಒಬ್ಬೊಬ್ಬರಿಗೆ ಒಂದೊಂದು ಕಡೆ ನಿಲ್ಲುತ್ತದೆ. ಮುಕ್ಕಾಲು ಕೇಳುವವರೂ ಇದ್ದಾರೆ. ನನ್ನ ಅನುಭವದಲ್ಲಿ ಗುರಿ ಮಂಜಾದರೆ ಗಾಬರಿಯಾಗುವ ಸ್ವಭಾವದವರಿಗೆ ಕಡಿಮೆಯೇ ವಾಸಿ, ಯಾಕೆಂದರೆ ಅವರು ಕೊನೇ ಕ್ಷಣದಲ್ಲಿ ಮಣಿ ಬಿಟ್ಟು ಕಾಯಿ ಹುಡುಕಲು ಹೋಗುತ್ತಾರೆ.

ಸಿಂಗಲ್ ವಿಷನ್ ಗಾಜು, ರೈಫಲ್‌ಗೆ ಮಾತ್ರ ಅಂತ ಬೇರೆ ಕನ್ನಡಕ. ಅದನ್ನು ಹಾಕಿ ರೆಡ್ ಡಾಟ್ ನೋಡಿದಾಗ ಚುಕ್ಕಿಯ ಬಾಲ ಹೋಗಿತ್ತು. ಹುಡುಗನಿಗೆ ಖುಷಿಯೋ ಖುಷಿ. ಅಲ್ಲಿಗೆ ಮುಗಿಯಿತು ಅಂದುಕೊಂಡ.

ನಿಯಮ ಅಡ್ಡ ಬಂತು

ನಾನು ಸ್ಪರ್ಧೆ ನಡೆಸುವವರಿಗೆ ಒಂದು ಫೋನ್ ಮಾಡಿಸಿದೆ. ಪಾಯಿಂಟ್ ಟೂ ಟೂ ವಿಭಾಗದಲ್ಲಿ ಸ್ಕೋಪ್ (ದೂರದರ್ಶಕ ಸೈಟ್) ಇಲ್ಲ ಅಂತ ಎಲ್ಲರಿಗೂ ಗೊತ್ತು, ರೆಡ್ ಡಾಟ್ ಬಗ್ಗೆ ಯಾರೂ ಕೇಳಿರಲಿಲ್ಲ. ಗಾಜು ಇರುವ ಯಾವ ಸೈಟೂ ಬೇಡ, ಮೂಗಿನ ಮೇಲಿನ ಕನ್ನಡಕಕ್ಕೆ ಅಡ್ಡಿಯಿಲ್ಲ ಅಂತ ಉತ್ತರ ಬಂತು. ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲೂ ದೂರದರ್ಶಕ ಸೈಟಿಗೆ ಅವಕಾಶವಿಲ್ಲ, ಅಲ್ಲಿ ಸಣ್ಣ ತೂತಿನ ಮೂಲಕ ನೋಡುವ ಸೈಟ್. ದುಡ್ಡು ಕೊಟ್ಟು ತರಿಸುವ ಮುಂಚೆ ನಿಯಮ ಕೇಳುವುದು ಮೊದಲ ಕೆಲಸ, ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ರೆಡ್ ಡಾಟ್ ಹುಡುಗನ ಏರ್‌ಗನ್ ಮೇಲೆ ಹೋಯಿತು, ಅಲ್ಲಿ ಅವನು ಅದರಲ್ಲಿ ಚೆನ್ನಾಗಿಯೇ ಹೊಡೆಯುತ್ತಾನೆ. ಮುಂಚೆ ಅವನು ಅದೇ ಏರ್‌ಗನ್‌ಗೆ ಒಂಬತ್ತು ಪಟ್ಟಿನ ಸ್ಕೋಪ್ ಹಾಕಿದ್ದ. ಗುರಿ ದೊಡ್ಡದಾಗಿ ಕಂಡಷ್ಟೂ ಕೈ ನಡುಕವೂ ದೊಡ್ಡದಾಗಿ ಕಾಣುತ್ತದೆ, ಗೆರೆ ನಡುವಿಗೆ ಬಂದ ಕೂಡಲೇ ಟ್ರಿಗರ್ ಜಗ್ಗಿಬಿಡುತ್ತಿದ್ದ. ನಡುಕ ಕಾಣದಿದ್ದಾಗ ಅವನ ಬೆರಳು ಶಾಂತ. ಅವನ ಮಟ್ಟಿಗೆ ರೆಡ್ ಡಾಟ್ ಸರಿಯಾದ ಆಯ್ಕೆ.

ತೂತೋ, ವಿ ಯೋ

ಉಳಿದದ್ದು ಎರಡು ದಾರಿ. ಹೊಸ ಕನ್ನಡಕದ ಜೊತೆ ಹಳೆಯ ಓಪನ್ ಸೈಟ್, ಅಥವಾ ರಿಸೀವರ್ (ನಳಿಗೆಯ ಹಿಂದೆ ಬೋಲ್ಟ್ ಕೂರುವ ಭಾಗ) ಮೇಲೆ ಪೀಪ್ ಸೈಟ್. ಪೀಪ್ ಅಂದರೆ ಕಣ್ಣಿನ ಹತ್ತಿರ ಸಣ್ಣ ತೂತಿರುವ ತಟ್ಟೆ. ತೂತನ್ನು ಕಣ್ಣು ಹುಡುಕಬೇಕಿಲ್ಲ, ಅದರ ಮೂಲಕ ನೋಡಿದರೆ ಸಾಕು, ನಡುವಿನಲ್ಲಿ ಬೆಳಕು ಜಾಸ್ತಿ ಇರುವುದರಿಂದ ಕಣ್ಣು ತಾನಾಗಿ ಮಣಿಯನ್ನು ನಡುವಿಗೆ ತರುತ್ತದೆ. ಸಣ್ಣ ತೂತು ಹತ್ತಿರದ್ದನ್ನೂ ದೂರದ್ದನ್ನೂ ಒಟ್ಟಿಗೆ ಚೂಪು ಮಾಡುತ್ತದೆ. ನಂಬಿಕೆ ಬಾರದಿದ್ದರೆ ಒಂದು ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ, ಕನ್ನಡಕ ತೆಗೆದು, ಹಗಲು ಬೆಳಕಿನಲ್ಲಿ ಅದರ ಮೂಲಕ ಪೇಪರ್ ಓದಿ ನೋಡಿ. ಸೈಟುಗಳ ನಡುವಿನ ಅಂತರವೂ 70 ಸೆಂಟಿಮೀಟರ್‌ಗೆ ಏರುವುದರಿಂದ, ಅದೇ ಅರ್ಧ ಮಿಲಿಮೀಟರ್ ತಪ್ಪು 50 ಮೀಟರ್‌ನಲ್ಲಿ ಮೂರೂವರೆ ಸೆಂಟಿಮೀಟರ್‌ಗೆ ಇಳಿಯುತ್ತದೆ.

ಕಾಗದದ ಲೆಕ್ಕದಲ್ಲಿ ಪೀಪ್ ಗೆಲ್ಲಬೇಕು. ಮರಳಿನ ಚೀಲದ ಮೇಲೆ ಇಟ್ಟು ಹೊಡೆದಾಗ ಗೆದ್ದೂ ಗೆದ್ದಿತು. ದೊಡ್ಡಪ್ಪನ ಐದು ಗುಂಡು ಒಂದು ರೂಪಾಯಿ ನಾಣ್ಯದಲ್ಲಿ ಅಲ್ಲದಿದ್ದರೂ ಕಾಫಿ ಲೋಟದ ಬಾಯೊಳಗೆ ಆರಾಮವಾಗಿ ಬಿತ್ತು. ಆದರೆ ಸ್ಪರ್ಧೆಯಲ್ಲಿ ನಿಂತು ಹೊಡೆಯಬೇಕು. ಅದೂ ಸೆಪ್ಟೆಂಬರ್‌ನಲ್ಲಿ, ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಮಧ್ಯಾಹ್ನ ಮೂರು ಗಂಟೆಗೇ ಮಂಜು ಇಳಿದು ಸಿಲ್ವರ್ ಓಕ್ ಮರಗಳ ಕೆಳಗೆ ಕತ್ತಲೆ ಕಟ್ಟಿಬಿಡುತ್ತದೆ. ಅಂಥ ಒಂದು ಮಧ್ಯಾಹ್ನವೇ ಬೇಕು ಅಂತ ಕಾದು ಹೊಡೆಸಿದೆ. ಒಂದು ಮಿಲಿಮೀಟರ್ ತೂತಿನಲ್ಲಿ ದೊಡ್ಡಪ್ಪನಿಗೆ ಕಾಯಿಯೇ ಕಾಣಲಿಲ್ಲ. ದೊಡ್ಡ ತೂತಿನ ತಟ್ಟೆ ಹಾಕಿದಾಗ ಕಂಡಿತು, ಆದರೆ ಅವರು ರೈಫಲ್ ಎತ್ತಿದ ಮೇಲೆ ತುಂಬ ಹೊತ್ತು ಹಿಡಿದೇ ಇರುತ್ತಿದ್ದರು. "ಸುತ್ತ ಏನೂ ಕಾಣಲ್ಲ, ಕಿಟಕಿಯಿಂದ ಹೊಡೆದ ಹಾಗೆ" ಅಂದರು. ನಲವತ್ತು ವರ್ಷದಿಂದ ಅವರ ಪದ್ಧತಿ ಬೇರೆ: ಕಾಯಿಯ ಕೆಳಗಿನಿಂದ ಮಣಿಯನ್ನು ಮೇಲಕ್ಕೆ ತಂದು, ಬುಡ ಮುಟ್ಟಿದ ಕೂಡಲೇ ಬಿಡುವುದು. ಪೀಪ್ ಹಾಕಿದ ಮೇಲೆ ಆ ಲಯ ಕೆಟ್ಟಿತು. ಹಿಡಿದಷ್ಟೂ ತೋಳು ಸೋಲುತ್ತದೆ, ಗುಂಪು ಅಗಲವಾಗುತ್ತದೆ.

ಆಗ ಓಪನ್ ಸೈಟ್‌ಗೆ ವಾಪಸ್ ಬಂದು, ಹೊಸ ಕನ್ನಡಕದಲ್ಲಿ ಹೊಡೆಸಿದೆ. ಗುಂಪಿನ ಉದ್ದ ಕುಗ್ಗಿತ್ತು. ಬಿಸಿಲಿದ್ದಾಗ ಮಾತ್ರ ಒಂದು ತೊಂದರೆ ಉಳಿಯಿತು. ಹಿತ್ತಾಳೆ ಮಣಿಯ ಒಂದು ಪಕ್ಕಕ್ಕೆ ಬಿಸಿಲು ಬಿದ್ದರೆ ಹೊಳೆಯುವ ಕಡೆಯನ್ನೇ ಕಣ್ಣು ಮಣಿಯ ನಡು ಅಂದುಕೊಳ್ಳುತ್ತದೆ, ಗುಂಡು ಬೆಳಕಿನ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ಇದಕ್ಕೆ ದೊಡ್ಡಪ್ಪನೇ ಹಳೆಯ ಉಪಾಯ ಹೇಳಿದರು. ಖಾಲಿ ರೈಫಲ್, ಬೋಲ್ಟ್ ಹೊರಗೆ. ಒಂದು ಬಿಲ್ಲೆ ಕರ್ಪೂರ ಹಚ್ಚಿ, ಅದರ ಹೊಗೆಗೆ ಮಣಿಯನ್ನು ಹಿಡಿದರೆ ಮಖಮಲ್ಲಿನಂಥ ಕಪ್ಪು ಮಸಿ ಕೂರುತ್ತದೆ. ಬೆರಳು ತಾಗಿಸಬಾರದು ಅಷ್ಟೆ.

ಬೆಂಚಿನ ಮೇಲೆ ಸೋತ ಸೈಟನ್ನೇ ಅವರು ಆರಿಸಿಕೊಂಡರು. ನಾನು ಒಪ್ಪಿದೆ. ಹಠ ಅಂತ ಹುಡುಗ ಕರೆದಿದ್ದರಲ್ಲಿ ಕಾಲುಭಾಗ ಹಠ ಇರಬಹುದು. ಉಳಿದದ್ದು ಅವರ ದೇಹಕ್ಕೆ ಗೊತ್ತಿದ್ದ ವಿಷಯ, ನಿಂತು ಹೊಡೆದ ಕಾಗದಗಳು ಅದನ್ನೇ ತೋರಿಸುತ್ತಿದ್ದವು. ಇಷ್ಟ ಅನ್ನುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಆದರೆ ಕಾಗದದ ಮೇಲೆ ಹೊಡೆಸದೆ ನಂಬುವುದೂ ಇಲ್ಲ. ಅದೂ ಸ್ಪರ್ಧೆಯ ಭಂಗಿಯಲ್ಲಿ, ಸ್ಪರ್ಧೆಯ ಬೆಳಕಿನಲ್ಲಿ. ಚೀಲದ ಮೇಲಿಟ್ಟು ಹೊಡೆದರೆ ರೈಫಲ್ ಮತ್ತು ಸೈಟಿನ ಗುಣ ಗೊತ್ತಾಗುತ್ತದೆ, ಮನುಷ್ಯನದು ಗೊತ್ತಾಗುವುದಿಲ್ಲ.

ಹುಡುಗಿಯ ವಿಷಯ

ಇವಳದ್ದು ಬೇರೆಯೇ ಕತೆ, ಎಲ್ಲರೂ ದೊಡ್ಡಪ್ಪನ ಕಡೆ ನೋಡುತ್ತಿದ್ದುದರಿಂದ ಯಾರೂ ಗಮನಿಸಿರಲಿಲ್ಲ. ಓಪನ್ ಸೈಟ್‌ನಲ್ಲಿ ಅವಳಿಗೆ ಮಣಿ ಎರಡು ಕಾಣುತ್ತಿತ್ತು. ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳ ಸಂದಿಯಲ್ಲಿ ಸಣ್ಣ ಕಿಂಡಿ ಮಾಡಿ, ದೂರದ ಒಂದು ಮರದ ಬುಡ ನೋಡಲು ಹೇಳಿದೆ. ಎಡಗಣ್ಣು ಮುಚ್ಚಿದರೆ ಮರ ಮಾಯ, ಬಲಗಣ್ಣು ಮುಚ್ಚಿದರೆ ಮರ ಅಲ್ಲೇ ಇದೆ. ಬಲಗೈಯವಳು, ಆದರೆ ಮೇಲುಗೈ ಎಡಗಣ್ಣಿನದು. ಎಡಗಣ್ಣು ಮುಚ್ಚಿ ಹೊಡಿ ಅಂತ ಮನೆಯವರು ಹೇಳಿಕೊಟ್ಟಿದ್ದರು. ಒಂದು ಕಣ್ಣು ಬಿಗಿಯಾಗಿ ಮುಚ್ಚಿದರೆ ಇನ್ನೊಂದೂ ಕಿರಿದಾಗುತ್ತದೆ, ನಾಲ್ಕು ಗುಂಡಿಗೇ ಮುಖ ಸೋಲುತ್ತದೆ.

ಎಡ ಭುಜಕ್ಕೆ ಬದಲಿಸುವುದು ಒಂದು ದಾರಿ. ಎಳೆಯ ವಯಸ್ಸಿನಲ್ಲೇ ಶುರು ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಇವಳು ಪ್ರಯತ್ನಿಸಿ, ಬೋಲ್ಟ್ ಬಲಕ್ಕಿರುವುದರಿಂದ ಪ್ರತಿ ಗುಂಡಿಗೂ ಹಿಡಿತ ಬಿಡಬೇಕಾಗುತ್ತದೆ, ಬೇಡ ಅಂದಳು. ನಂಬರ್ ಇಲ್ಲದ ಕನ್ನಡಕದ ಎಡ ಗಾಜಿಗೆ ಬೆಳಕು ಬಿಡುವ ಬಿಳಿ ಟೇಪಿನ ಸಣ್ಣ ತುಂಡು ಅಂಟಿಸಿದೆವು. ಎರಡೂ ಕಣ್ಣು ತೆರೆದಿರುತ್ತವೆ, ಎಡಗಣ್ಣಿಗೆ ಮಣಿ ಮಾತ್ರ ಕಾಣುವುದಿಲ್ಲ. ಇದರ ಜೊತೆ ದೊಡ್ಡಪ್ಪ ಬೇಡವೆಂದ ಪೀಪ್ ಅವಳಿಗೆ ಹೇಳಿ ಮಾಡಿಸಿದಂತೆ ಕೂತಿತು, ಅದೂ ಎಲ್ಲಕ್ಕಿಂತ ದೊಡ್ಡ ತೂತಿನದು. ದೊಡ್ಡಪ್ಪನಿಗೆ ಕಿಟಕಿ ಅನ್ನಿಸಿದ್ದು ಅವಳಿಗೆ ನೆಮ್ಮದಿ. ಸುತ್ತಲಿನದು ಕಾಣದಿದ್ದರೆ ಜನ ನೋಡುತ್ತಿದ್ದಾರೆ ಅನ್ನುವ ಹೆದರಿಕೆ ಇರುವುದಿಲ್ಲ ಅಂದಳು.

ಒಂದೇ ರೈಫಲನ್ನು ಇಬ್ಬರು ಹಂಚಿಕೊಳ್ಳಬೇಕಲ್ಲ, ಅಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಅದೇ ಪೀಪ್, ಅದೇ ಹೊಂದಾಣಿಕೆಯಲ್ಲಿ ದೊಡ್ಡಪ್ಪನ ಗುಂಪಿಗೂ ಅವಳ ಗುಂಪಿಗೂ 50 ಮೀಟರ್‌ನಲ್ಲಿ ಸುಮಾರು ಎರಡು ಬೆರಳಷ್ಟು ಅಂತರ. ಕೆನ್ನೆ ಇಡುವ ಜಾಗ, ಮುಖದ ಅಗಲ, ಮಣಿಯ ಯಾವ ಭಾಗವನ್ನು ನಡು ಅಂತ ನೋಡುತ್ತಾರೆ, ಎಲ್ಲ ಬೇರೆ. ಒಬ್ಬರು ಝೀರೋ ಮಾಡಿಕೊಟ್ಟ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸೈಟ್ ಹೊಂದಿಸಿಕೊಟ್ಟ ರೈಫಲ್ ಇನ್ನೊಬ್ಬರಿಗೆ ಸರಿ ಅಂತ ನಂಬಲಿಕ್ಕಾಗುವುದಿಲ್ಲ. ಪೀಪ್‌ನ ತಿರುಪಿನಲ್ಲಿ ಕಾಲು ಮಿನಿಟಿನ (ಮಿನಿಟ್ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್, 50 ಮೀಟರ್‌ನಲ್ಲಿ ಒಂದು ಕ್ಲಿಕ್‌ಗೆ ಮೂರೂವರೆ ಮಿಲಿಮೀಟರ್ ಚಿಲ್ಲರೆ. ಅವಳ ಝೀರೋ ಎಷ್ಟು ಕ್ಲಿಕ್ ಅಂತ ಬರೆದು ಬಟ್‌ನ ಒಳಬದಿಗೆ ಅಂಟಿಸಿದ್ದಾಳೆ. ನಳಿಗೆ ಮೇಲಿನ ವಿ ಸೈಟ್ ಮಡಚುವಂಥದು, ಅದು ದೊಡ್ಡಪ್ಪನ ಝೀರೋದಲ್ಲಿ ಹಾಗೇ ಉಳಿಯಿತು. ಅವಳ ಸರದಿ ಬಂದಾಗ ವಿ ಮಲಗಿಸಿ ಪೀಪ್ ಕೂರಿಸುವುದು, ಒಂದು ಗುಂಡು ಕಾಗದಕ್ಕೆ ಹೊಡೆದು ನೋಡಿಕೊಳ್ಳುವುದು.

ಆಮೇಲೆ

ಆ ವರ್ಷದ ಸ್ಪರ್ಧೆಯಲ್ಲಿ ಹುಡುಗಿಗೆ ಹೆಂಗಸರ ವಿಭಾಗದಲ್ಲಿ ಎರಡನೇ ಸ್ಥಾನ ಬಂತು. ದೊಡ್ಡಪ್ಪ ಕಾಯಿ ಒಡೆದರು, ಕೊನೆಯ ಸುತ್ತಿನಲ್ಲಿ ಒಬ್ಬ ಎಳೆಯನಿಗೆ ಸೋತರು, ಬೇಸರ ಮಾಡಿಕೊಳ್ಳಲಿಲ್ಲ. ಸೋತ ಗುಂಡು ಬಲಕ್ಕೆ ಹೋದದ್ದು, ಮೇಲೆ ಕೆಳಗೆ ಹೋದದ್ದಲ್ಲ. ಅದು ಟ್ರಿಗರ್ ತಪ್ಪು, ಅವರೇ ಹೇಳಿದರು.

ಈ ಸಲದ ತಪಾಸಣೆಯಲ್ಲಿ ಅವರ ಬಲಗಣ್ಣಿಗೆ ಪೊರೆ ಶುರುವಾಗಿದೆ ಅಂತ ಗೊತ್ತಾಗಿದೆ. ಇನ್ನೂ ಆಪರೇಷನ್ ಬೇಕಿಲ್ಲ. ಬೇಕಾದಾಗ ಒಳಗೆ ಕೂರಿಸುವ ಲೆನ್ಸ್ ದೂರಕ್ಕೆ ಹೊಂದುವಂಥದೋ ಹತ್ತಿರಕ್ಕೆ ಹೊಂದುವಂಥದೋ ಅಂತ ಡಾಕ್ಟರ್ ಕೇಳುತ್ತಾರೆ. "ನಾನು ಬಲಗಣ್ಣಿನಿಂದ ಗುರಿ ಹಿಡಿಯುವವನು" ಅಂತ ಡಾಕ್ಟರಿಗೆ ಮೊದಲೇ ಹೇಳಿ ಅಂತ ದೊಡ್ಡಪ್ಪನಿಗೆ ಅಂದಿದ್ದೇನೆ. ಆಪರೇಷನ್ ಆದ ಮೇಲೆ ಈಗಿನ ರೈಫಲ್ ಕನ್ನಡಕ ಕೆಲಸಕ್ಕೆ ಬರುವುದಿಲ್ಲ, ಮತ್ತೆ ಅಳತೆ ಮಾಡಿಸಬೇಕು, ಓಪನ್ ಸೈಟೋ ಪೀಪೋ ಅಂತ ಮತ್ತೆ ಮೊದಲಿನಿಂದ ಹೊಡೆದು ನೋಡಬೇಕು. ಬಿದಿರು ಕಡ್ಡಿಯನ್ನು ಎಸೆಯಬೇಡ ಅಂತ ದೊಡ್ಡಪ್ಪ ಹುಡುಗಿಗೆ ಹೇಳಿದ್ದಾರೆ.